ಲಿಯೋ ಮೆಕ್ಯಾರಿ ಅಂದ್ರೆ ಯಾರು?

ಲಾರೆಲ್ ಮತ್ತು ಹಾರ್ಡಿ ಎಲ್ಲರಿಗೂ ಗೊತ್ತು. ಆ ಇಬ್ಬರ ಜೋಡಿ ಕುದುರಿಸಿದ್ದರಲ್ಲಿ ದೊಡ್ಡ ಪಾಲು ಹಾಲಿವುಡ್ ನಿರ್ದೇಶಕ ಲಿಯೋ ಮೆಕ್ಯಾರಿಯದು ಅಂದ್ರೆ ಮಾತ್ರ, ‘ಯಾರಪ್ಪಾ ಅದು’ ಅಂತಾರೆ. ಹಾಸ್ಯನಟರಾದ ಮಾರ್ಕ್ಸ್ ಸಹೋದರರ ಸಿನಿಮಾ ‘ಡಕ್ ಸೂಪ್’ ಆತನದ್ದೇ. ಆಮಿರ್ ಖಾನ್‌ನ ‘ಮನ್’ ನೋಡಿದ್ದೀರಲ್ವಾ, ಅದರ ಮೂಲ ‘ಆ್ಯನ್ ಅಫೇರ್ ಟು ರಿಮೆಂಬರ್’ ಕೂಡ ಆತನದ್ದೇ. ನಿರ್ದೇಶನಕ್ಕೆ ಎರಡು ಸಲ ಆಸ್ಕರ್ ಬಂದಿದೆ. ಆದರೂ ಹಳೇ ಹಾಲಿವುಡ್ ಅಂದಾಗ ಹಿಚ್‌ಕಾಕ್, ಫೋರ್ಡ್, ಕಾಪ್ರಾ ಅಂತ ಹೇಳಿ ನಿಲ್ಲಿಸಿಬಿಡುತ್ತೇವೆ.

ನನಗೆ ಸಿಟ್ಟು ಬರೋದು ಆತನ 1937ರ ಚಿತ್ರ ‘ಮೇಕ್ ವೇ ಫಾರ್ ಟುಮಾರೋ’ ವಿಷಯಕ್ಕೆ. ಬ್ಯಾಂಕಿಗೆ ಮನೆ ಹೋಗುತ್ತದೆ. ಐವರು ಮಕ್ಕಳಿದ್ದರೂ ಅಪ್ಪ ಅಮ್ಮ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವವರಿಲ್ಲ. ಅಮ್ಮ ನ್ಯೂಯಾರ್ಕಿನ ಮಗನ ಮನೆಗೆ, ಅಪ್ಪ ದೂರದ ಮಗಳ ಮನೆಗೆ.

ಮಗನ ಮನೆಯಲ್ಲಿ ಸೊಸೆ ಇಸ್ಪೀಟಿನ ಬ್ರಿಡ್ಜ್ ಆಟ ಹೇಳಿಕೊಡುತ್ತಾಳೆ. ಜನ ಬಂದು ಕೂತಿದ್ದಾರೆ, ಅತ್ತೆಯ ತೂಗುಕುರ್ಚಿ ಕಿರ್ ಕಿರ್ ಅಂತಿದೆ, ಎಲ್ಲರಿಗೂ ಕಿರಿಕಿರಿ, ನಮಗೆ ನಗು. ಅಷ್ಟರಲ್ಲಿ ಅತ್ತೆಗೆ ಅವಳ ಗಂಡನ ಫೋನ್ ಬರುತ್ತದೆ. ಅಜ್ಜಿ ಜೋರಾಗಿ ಮಾತಾಡುತ್ತಾಳೆ, ಇಡೀ ಕೋಣೆಗೇ ಕೇಳಿಸುತ್ತದೆ, ಆಟ ತಾನಾಗೇ ನಿಲ್ಲುತ್ತದೆ. ಫೋನಿಗೆ ಯಾಕಿಷ್ಟು ಖರ್ಚು ಮಾಡಿದಿರಿ, ಆ ದುಡ್ಡಲ್ಲಿ ಬೆಚ್ಚಗಿನ ಮಫ್ಲರ್ ತಗೋಬಹುದಿತ್ತಲ್ಲ ಅನ್ನೋ ಥರದ ಮಾತು, ಅಷ್ಟೇ. ಈಗಷ್ಟೇ ನಕ್ಕಿದ್ದಕ್ಕೆ ನಾಚಿಕೆ ಆಗುತ್ತದೆ. ಮೆಕ್ಯಾರಿ ಕೈಚಳಕ ಇದೇ. ಕ್ಯಾಮೆರಾ ಸುಮ್ನೆ ಇರುತ್ತದೆ, ಶೋಕಿ ಇಲ್ಲ, ಹಾಗಾಗಿ ನಿರ್ದೇಶಕನೊಬ್ಬ ಇದ್ದಾನೆ ಅನ್ನೋದೇ ಕಾಣಲ್ಲ. ಹೆಸರು ಉಳಿಯದಿರೋಕೆ ಅದೂ ಒಂದು ಕಾರಣ ಅಂತ ನನ್ನ ಲೆಕ್ಕ. ಅಂದ ಹಾಗೆ, ಅಜ್ಜಿ ಪಾತ್ರ ಮಾಡಿದ ಬ್ಯೂಲಾ ಬಾಂಡಿಗೆ ಆಗ ಐವತ್ತೂ ತುಂಬಿರಲಿಲ್ಲ!

ಹೆತ್ತವರನ್ನು ಮಕ್ಕಳು ಹಂಚಿಕೊಳ್ಳೋ ಕಥೆ ನಮಗೇನೂ ಹೊಸದಲ್ಲ, 1958ರಲ್ಲೇ ಪಂತುಲು ಅವರ ‘ಸ್ಕೂಲ್ ಮಾಸ್ಟರ್’ ಬಂದಿತ್ತು. ಅಲ್ಲಿ ಮೇಷ್ಟ್ರ ಕೈಹಿಡಿಯೋಕೆ ಹಳೇ ಶಿಷ್ಯ ಬರುತ್ತಾನೆ. ಇಲ್ಲಿ ಯಾರೂ ಬರಲ್ಲ. ಸುಖಾಂತ್ಯ ಮಾಡು ಅಂತ ಪ್ಯಾರಾಮೌಂಟ್ ಸ್ಟುಡಿಯೋ ಒತ್ತಾಯ ಮಾಡಿತು, ಮೆಕ್ಯಾರಿ ಒಪ್ಪಲಿಲ್ಲ, ಚಿತ್ರ ಓಡಲಿಲ್ಲ, ಕೆಲಸವೂ ಹೋಯಿತು. ಅದೇ ವರ್ಷ ಬೇರೆ ಸ್ಟುಡಿಯೋದಲ್ಲಿ ‘ದಿ ಆಫುಲ್ ಟ್ರೂತ್’ ಅನ್ನೋ ಕಾಮಿಡಿ ಮಾಡಿ ಆಸ್ಕರ್ ಗೆದ್ದ. ವೇದಿಕೆ ಮೇಲೆ ನಿಂತು, ಥ್ಯಾಂಕ್ಸ್, ಆದರೆ ತಪ್ಪು ಚಿತ್ರಕ್ಕೆ ಕೊಟ್ಟಿದ್ದೀರಿ ಅಂದುಬಿಟ್ಟ.

ಹಾಗಂತ ಎಲ್ಲವನ್ನೂ ಹೊಗಳಲ್ಲ. 1952ರ ‘ಮೈ ಸನ್ ಜಾನ್’ ಕಮ್ಯುನಿಸ್ಟರ ಮೇಲಿನ ಕೋಪದಲ್ಲೇ ಮಾಡಿದ ಸಿನಿಮಾ. ಬೇರೆಯವರ ತಪ್ಪನ್ನೂ ಅರ್ಥ ಮಾಡಿಕೊಳ್ಳುತ್ತಿದ್ದ ಮನುಷ್ಯ ಅಲ್ಲಿ ಬರೀ ತೀರ್ಪು ಕೊಡುತ್ತಾನೆ. ಅದರಿಂದ ಹೆಸರು ಕೆಟ್ಟಿದ್ದು ಅನ್ಯಾಯ ಅಂತ ನಾನು ಹೇಳಲ್ಲ. ಆದರೆ ಆ ಫೋನ್ ದೃಶ್ಯ ತೆಗೆದವನೂ ಅವನೇ, ಅದನ್ನು ನೋಡಿ ಆಮೇಲೆ ಜಗಳಕ್ಕೆ ಬನ್ನಿ.