ರಸ್ತೆ ಎಲ್ಲಿಗೆ ಮುಗಿಯುತ್ತದೆ?

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಲ್ಲಿ ಗಾಡಿ ಓಡಿಸುವ ಯಾರನ್ನಾದರೂ ಕೇಳಿ ನೋಡಿ, ರಸ್ತೆ ಎಲ್ಲಿಗೆ ಮುಗಿಯುತ್ತದೆ ಅಂತ. ಡಾಂಬರಿನ ಅಂಚಿಗಾ? ಜಾಮ್ ಆದ ಕೂಡಲೇ ಸ್ಕೂಟರ್‌ನವರು ಪಕ್ಕದ ಮಣ್ಣಿಗೆ ಇಳಿಯುತ್ತಾರೆ. ಅವರ ಹಿಂದೆಯೇ ಒಂದು ಆಟೋ ನುಗ್ಗುತ್ತದೆ. ಅಲ್ಲಿಗೆ ಮಣ್ಣೂ ರಸ್ತೆಯೇ ಆಯ್ತು, ಅಲ್ವಾ?

ನಮಗೆ ಇದು ಮಾಮೂಲು. ಡ್ರೈವರ್ ಇಲ್ಲದ ಗಾಡಿಯಲ್ಲಿ ಕ್ಯಾಮೆರಾದಲ್ಲೇ ದಾರಿ ನೋಡಿಕೊಂಡು ಹೋಗಬೇಕಾದ ಕಂಪ್ಯೂಟರ್‌ಗೆ ಮಾತ್ರ ದೊಡ್ಡ ತಲೆನೋವು. ಅದಕ್ಕೆ ಚಿತ್ರ ಅಂದರೆ ಬರೀ ಅಂಕಿಗಳು: ಒಂದೊಂದು ಚುಕ್ಕೆಯಲ್ಲೂ ಕೆಂಪೆಷ್ಟು, ಹಸಿರೆಷ್ಟು, ನೀಲಿ ಎಷ್ಟು, ಅಷ್ಟೇ. ಯಾವುದು ಬಸ್ಸು, ಯಾವುದು ಹಸು ಅಂತ ಮನುಷ್ಯರೇ ಸಾವಿರಾರು ಚಿತ್ರಗಳಲ್ಲಿ ಗುರುತು ಹಾಕಿ ಕಲಿಸಬೇಕು.

2016ರಲ್ಲಿ ಬಂದ ಸಿಟಿಸ್ಕೇಪ್ಸ್ ಅಂಥದ್ದೇ ಒಂದು ಹೆಸರುವಾಸಿ ಸಂಗ್ರಹ. ಅದರ ಚಿತ್ರಗಳು ಹೆಚ್ಚಾಗಿ ಜರ್ಮನಿಯ ಊರುಗಳದ್ದು. ಅಲ್ಲಿ ರಸ್ತೆ, ಫುಟ್‌ಪಾತ್ ಎಲ್ಲ ಅಚ್ಚುಕಟ್ಟು. ಆಟೋಗೆ ಜಾಗವೇ ಇಲ್ಲ! ಅದನ್ನು ನೋಡಿ ಕಲಿತ ಕಂಪ್ಯೂಟರ್ ನಮ್ಮ ಊರಲ್ಲಿ ಎಡವದೆ ಇನ್ನೇನು ಮಾಡೀತು?

ಹೈದರಾಬಾದಿನ ಐಐಐಟಿ ಅನ್ನುವ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಪ್ರೊಫೆಸರ್ ಸಿ. ವಿ. ಜವಾಹರ್ ಮತ್ತು ಜೊತೆಗಾರರು ಇಂಟೆಲ್ ಕಂಪನಿಯ ಜೊತೆ ಸೇರಿ ನಮ್ಮ ರಸ್ತೆಗಳದ್ದೇ ಸಂಗ್ರಹ ಮಾಡಿದರು. ಹೆಸರು ಇಂಡಿಯಾ ಡ್ರೈವಿಂಗ್ ಡೇಟಾಸೆಟ್. ಕಾರಿಗೆ ಕ್ಯಾಮೆರಾ ಹಾಕಿಕೊಂಡು ಹೈದರಾಬಾದ್, ಬೆಂಗಳೂರು ಮತ್ತು ಸುತ್ತಮುತ್ತ ಓಡಾಡಿದರು. 182 ವಿಡಿಯೊ ತುಣುಕುಗಳಿಂದ 10,004 ಚಿತ್ರ ತೆಗೆದು, 34 ಬಗೆಯ ಗುರುತು ಹಾಕಿಸಿದರು. ಆಟೋಗೆ ತನ್ನದೇ ಗುರುತು ಸಿಕ್ಕಿತು, ಪ್ರಾಣಿಗಳಿಗೂ ಸಿಕ್ಕಿತು.

ನನಗೆ ಜಾಸ್ತಿ ಹಿಡಿಸಿದ್ದು ಆ ಮಣ್ಣಿನ ಅಂಚಿಗೆ ಅವರು ಮಾಡಿದ ಏರ್ಪಾಡು. ರಸ್ತೆಯಲ್ಲ, ಆದರೂ ಗಾಡಿ ಹೋಗಬಹುದು ಅನ್ನುವ ಜಾಗಕ್ಕೆ ಒಂದು ಗುರುತು. ಗಾಡಿ ಹೋಗಲಾಗದ ಜಾಗಕ್ಕೆ ಇನ್ನೊಂದು. ಇಷ್ಟಾದರೂ ಗುರುತು ಹಾಕುವವರಿಗೇ ಅನುಮಾನ ಬರುವ ಜಾಗಗಳು ಇದ್ದೇ ಇರುತ್ತವೆ. ಅದಕ್ಕೇ ಗುರುತುಗಳನ್ನು ನಾಲ್ಕು ಹಂತದಲ್ಲಿ ಜೋಡಿಸಿದ್ದಾರೆ. ಕೆಳಗಿನ ಹಂತದಲ್ಲಿ ಸಣ್ಣ ಸಣ್ಣ ಗುಂಪು, ಮೇಲಿನ ಹಂತದಲ್ಲಿ ಏಳೇ ದೊಡ್ಡ ಗುಂಪು. ಡಾಂಬರೋ ಮಣ್ಣೋ ಗೊತ್ತಾಗದಿದ್ದರೆ ಬೇಡ, ಹೋಗಬಹುದು ಅಂತ ಗೊತ್ತಾದರೆ ಅಷ್ಟರ ಮಟ್ಟಿಗೆ ಸರಿ.

ಇನ್ನು ಮಳೆ. ನೀರು ನಿಂತ ರಸ್ತೆಯಲ್ಲಿ ಗುಂಡಿ ನಮಗೇ ಕಾಣಿಸುವುದಿಲ್ಲ ಬಿಡಿ. ಅದೇ ಸಂಸ್ಥೆಯವರು ಆಮೇಲೆ ಮಳೆ, ಮಂಜು, ಮಬ್ಬು ಬೆಳಕಿನ ಚಿತ್ರಗಳ ಇನ್ನೊಂದು ಸಂಗ್ರಹ ತಂದರು. ಅದರ ಜೊತೆಗೆ, ಕಂಪ್ಯೂಟರ್ ಎಷ್ಟು ಸರಿಯಾಗಿ ಗುರುತಿಸಿತು ಅಂತ ಅಂಕ ಕೊಡುವ ರೀತಿಯನ್ನೂ ಬದಲಾಯಿಸಿದರು. ಎಲ್ಲ ತಪ್ಪಿಗೂ ಒಂದೇ ದಂಡ ಅಲ್ಲ. ಲಾರಿಯನ್ನು ಬಸ್ಸು ಅಂದರೆ ಪರವಾಗಿಲ್ಲ. ಎದುರಿಗೆ ನಿಂತ ಮನುಷ್ಯನನ್ನು ರಸ್ತೆ ಅಂದುಕೊಂಡರೆ ಅಂಕ ಜಾಸ್ತಿ ಕಡಿತ.

ನಮಸ್ಕಾರ.