ಸರ್ವೇಯಲ್ಲಿ ನಂಬರ್ ಒನ್, ಮಹಾಲಿಂಗಪುರದ ರಸ್ತೆಯಲ್ಲಿ?

ನಮಸ್ಕಾರ. ಕಳೆದ ವಾರ ಮಹಾಲಿಂಗಪುರದಿಂದ ನಮ್ಮ ಕಾಕಾ ಒಂದು ಫೋಟೋ ಕಳಿಸಿದರು. ವಾಟ್ಸಾಪ್‌ನಲ್ಲಿ ಎಷ್ಟೋ ಕೈ ದಾಟಿ ಬಂದ, ಯಾವುದೋ ಕಾರ್ ಸರ್ವೇಯ ಪಟ್ಟಿ. ಮೇಲೆ ಒಂದು ಕಾರ್ ಕಂಪನಿಯ ಹೆಸರು, ಪಕ್ಕದಲ್ಲಿ ಚಿನ್ನದ ಬಣ್ಣದಲ್ಲಿ "ನಂಬರ್ 1". ಕೆಳಗೆ ಕಾಕಾರ ಪ್ರಶ್ನೆ: "ತಮ್ಮಾ, ಇದು ಎಲ್ಲಾದಕ್ಕಿಂತ ಗಟ್ಟಿ ಅಂತ. ಇದನ್ನ ತೊಗೊಳ್ಳಲೇನು?"

ಕಾಕಾ ಹನ್ನೆರಡು ವರ್ಷ ಒಂದೇ ಕಾರು ಓಡಿಸಿದವರು. ಈ ಸಲದ ಕಾರು ಕಬ್ಬಿನ ಬಿಲ್ಲಿನ ದುಡ್ಡಿನಲ್ಲಿ ಬರುವಂಥದ್ದು. ಅದನ್ನೂ ಹತ್ತು ಹನ್ನೆರಡು ವರ್ಷ ಓಡಿಸಬೇಕು. ಅಂಥವರಿಗೆ "ಹ್ಞೂಂ" ಅಂತ ಒಂದೇ ಮಾತಲ್ಲಿ ಉತ್ತರ ಕೊಡೋಕೆ ನನಗೆ ಮನಸ್ಸು ಬರಲಿಲ್ಲ. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇವತ್ತು ನಿಮಗೂ ಹೇಳುತ್ತೇನೆ.

ನಾನು ಕಾರ್ ಸರ್ವೇಗಳನ್ನು ನಂಬುತ್ತೇನೆ. ಆದರೆ ಅವರು ಯಾರನ್ನು ಕೇಳಿದರು, ಏನು ಕೇಳಿದರು ಅಂತ ಗೊತ್ತಾದ ಮೇಲೆ, ಅಷ್ಟಕ್ಕೆ ಮಾತ್ರ ನಂಬುತ್ತೇನೆ. ಕಾಕಾ ಕೇಳುತ್ತಿರೋದು ಬೇರೆ ಪ್ರಶ್ನೆ, ಪಟ್ಟಿ ಉತ್ತರ ಕೊಟ್ಟಿರೋದು ಬೇರೆ ಪ್ರಶ್ನೆಗೆ.

ಜೆ.ಡಿ. ಪವರ್ ಹೆಸರು ನೀವು ಕೇಳಿರುತ್ತೀರಿ. 1968ರಲ್ಲಿ ಶುರುವಾದ ಅಮೆರಿಕದ ಸಂಸ್ಥೆ. ಕಾರು ಕೊಂಡು ಮೂರು ವರ್ಷವಾದ ಮೊದಲ ಮಾಲೀಕರನ್ನು ಹಿಡಿದು, ಕಳೆದ 12 ತಿಂಗಳಲ್ಲಿ ಏನೇನು ತೊಂದರೆ ಬಂತು ಅಂತ ಕೇಳುತ್ತಾರೆ. ಆಮೇಲೆ ನೂರು ಕಾರಿಗೆ ಎಷ್ಟು ತೊಂದರೆ ಅಂತ ಲೆಕ್ಕ ತೆಗೆಯುತ್ತಾರೆ. 2024ರ ಅಮೆರಿಕದ ವರದಿಯಲ್ಲಿ ಸರಾಸರಿ 190 ಇತ್ತು. ಮೊದಲ ಸ್ಥಾನ ಪಡೆದ ಲೆಕ್ಸಸ್‌ಗೆ 135. ಪಟ್ಟಿಯಲ್ಲಿ ನೋಡಿದರೆ ದೊಡ್ಡ ಅಂತರ ಅನ್ನಿಸುತ್ತೆ, ಅಲ್ವಾ? ಈಗ ಒಂದು ಕಾರಿಗೆ ಲೆಕ್ಕ ಹಾಕಿ. ಸರಾಸರಿ ಕಾರಿಗೆ ವರ್ಷಕ್ಕೆ 1.9 ತೊಂದರೆ, ಲೆಕ್ಸಸ್‌ಗೆ 1.35. ಹೆಚ್ಚುಕಮ್ಮಿ ಎರಡು ವರ್ಷಕ್ಕೆ ಒಂದು ತೊಂದರೆಯ ವ್ಯತ್ಯಾಸ. ಮೊದಲನೆಯವರಿಗೂ ನಡುವಿನವರಿಗೂ ಇರೋದೇ ಇಷ್ಟು. ಹಾಗಾದರೆ ಆರನೇ ಸ್ಥಾನಕ್ಕೂ ಒಂಬತ್ತನೇ ಸ್ಥಾನಕ್ಕೂ ನಡುವೆ ಎಷ್ಟಿರಬಹುದು, ನೀವೇ ಹೇಳಿ.

ಆ ತೊಂದರೆಗಳಾದರೂ ಏನು? ಅದೇ ವರದಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ದೂರು ಬಂದದ್ದು ಎಂಜಿನ್ ಬಗ್ಗೆ ಅಲ್ಲ, ಗೇರ್‌ಬಾಕ್ಸ್ ಬಗ್ಗೆಯೂ ಅಲ್ಲ. ಮುಂದೆ ಕೂರಿಸಿರುವ ಸ್ಕ್ರೀನ್ ಬಗ್ಗೆ. ಫೋನ್ ಸರಿಯಾಗಿ ಕನೆಕ್ಟ್ ಆಗೋದಿಲ್ಲ, ಬಾಯಲ್ಲಿ ಹೇಳಿದ್ದು ಕಾರಿಗೆ ತಿಳಿಯೋದಿಲ್ಲ, ಇಂಥವು. ಅದೂ ಒಂದು ತೊಂದರೆ, ಎಂಜಿನ್ ಬಿಚ್ಚಬೇಕಾಗಿ ಬಂದರೆ ಅದೂ ಒಂದು ತೊಂದರೆ.

ಇದು ನನ್ನನ್ನು ಯಾಕೆ ಇಷ್ಟು ಕಾಡುತ್ತೆ ಅಂದರೆ, ನಾನು ಹನ್ನೊಂದು ವರ್ಷ ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷೀನ್ ಶಾಪ್‌ನಲ್ಲಿ ಕ್ವಾಲಿಟಿ ಕೆಲಸ ಮಾಡಿದವನು. ಫೌಂಡ್ರಿಯಿಂದ ಕಾಸ್ಟಿಂಗ್, ಅಂದರೆ ಎರಕ ಹೊಯ್ದ ಲೋಹದ ಭಾಗ, ಬರುತ್ತಿತ್ತು, ನಾವು ಮಷೀನಿಂಗ್ ಮಾಡಿ ಕಳಿಸುತ್ತಿದ್ದೆವು. ನಮ್ಮಲ್ಲೂ ನೂರಕ್ಕೆ ಎಷ್ಟು ರಿಜೆಕ್ಷನ್ ಅನ್ನೋದೇ ದಿನದ ಮಾತು. ಆದರೆ ಬರೀ ಸಂಖ್ಯೆ ಹೇಳಿದರೆ ನಮ್ಮ ಸೂಪರ್‌ವೈಸರ್ ಕೇಳುತ್ತಿರಲಿಲ್ಲ. "ಯಾವುದಕ್ಕ ರಿಜೆಕ್ಟ್ ಆತು, ಅದನ್ನ ಹೇಳ್ರಿ" ಅನ್ನುತ್ತಿದ್ದರು. ಮೈಮೇಲಿನ ಗೀರು ಬೇರೆ, ಒಳಗೆ ಗಾಳಿ ಸಿಕ್ಕಿಕೊಂಡು ಆಗುವ ಟೊಳ್ಳು, ಅಂದರೆ ಬ್ಲೋ ಹೋಲ್, ಬೇರೆ. ಗೀರು ಕಣ್ಣಿಗೆ ಕಾಣುತ್ತೆ, ಉಜ್ಜಿದರೆ ಹೋಗುತ್ತೆ. ಬ್ಲೋ ಹೋಲ್ ಹೊರಗಿನಿಂದ ಕಾಣೋದೇ ಇಲ್ಲ. ಬೋರಿಂಗ್ ಮಾಡುವಾಗ ಟೂಲ್ ಒಳಗೆ ಹೋದ ಮೇಲೆ ಸಣ್ಣ ಕಪ್ಪು ಗುಂಡಿ ಬಾಯಿ ತೆರೆಯುತ್ತೆ. ಅಷ್ಟು ಹೊತ್ತು ಆ ಕಾಸ್ಟಿಂಗ್ ಪಾಸ್ ಆದ ಕಾಸ್ಟಿಂಗೇ.

ಕಾರಿನಲ್ಲೂ ಬ್ಲೋ ಹೋಲ್ ಇರುತ್ತೆ. ಜಪಾನಿನ ಟಕಾಟ ಕಂಪನಿಯ ಏರ್‌ಬ್ಯಾಗ್ ಅದಕ್ಕೆ ಸಾಕ್ಷಿ. ಬ್ಯಾಗ್ ಉಬ್ಬಿಸುವ ಡಬ್ಬಿಯೊಳಗಿನ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಬಿಸಿಲು, ತೇವ ತಿಂದು ಕೆಡುತ್ತಿತ್ತು. ಅಪಘಾತವಾದಾಗ ಡಬ್ಬಿಯೇ ಸಿಡಿದು ಲೋಹದ ಚೂರು ಒಳಗಿದ್ದವರ ಮೈಗೆ ನುಗ್ಗುತ್ತಿತ್ತು. 2008ರಲ್ಲಿ ಶುರುವಾದ ರೀಕಾಲ್ ಬೆಳೆಯುತ್ತ ಹೋಗಿ ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳಿಗೆ, ಅಂದರೆ ಅಂಥ ಡಬ್ಬಿಗಳಿಗೆ, ಮುಟ್ಟಿತು. ನಮ್ಮ ದೇಶದಲ್ಲೂ ಕಾರುಗಳನ್ನು ಕರೆಸಿಕೊಂಡು ಬದಲಾಯಿಸಿದರು. ಆ ಕಾರಿನ ಮಾಲೀಕರನ್ನು ಮೂರನೇ ವರ್ಷಕ್ಕೆ ಕೇಳಿದ್ದರೆ "ಏನೂ ತೊಂದರೆ ಇಲ್ಲ" ಅಂತಿದ್ದರು. ಸುಳ್ಳಲ್ಲ, ಅವರಿಗೆ ಕಂಡಿರಲೇ ಇಲ್ಲ. ಮಾಲೀಕರ ಬಾಯಿಂದ ಬರುವ ಯಾವ ಸರ್ವೇಗೂ ಇದು ಸಿಗೋದಿಲ್ಲ.

ಇನ್ನೊಂದು ಕಡೆ, ಕಾರಿನದಲ್ಲದ ತಪ್ಪೂ ಕಾರಿನ ಲೆಕ್ಕಕ್ಕೆ ಸೇರಿಬಿಡುತ್ತೆ. ಹೋದ ಮಾರ್ಚ್‌ನಲ್ಲಿ ನನ್ನ ಕಾರಿನ ಎಸಿ ತಣ್ಣಗಾಗುವುದು ನಿಂತಿತು. ಆ ಸೀಸನ್ನಿನಲ್ಲಿ ನಾನು ಗೋಕಾಕ, ಮಹಾಲಿಂಗಪುರ, ಮುಧೋಳ ಅಂತ ವಾರಕ್ಕೆರಡು ಸಲ ಓಡಾಡಿದ್ದೆ. ಮುಧೋಳದಲ್ಲಿ ಒಬ್ಬ ಮಿಸ್ತ್ರಿ ಹತ್ತಿರ ನಿಲ್ಲಿಸಿದೆ. ಅವರು ಬಾನೆಟ್ ಎತ್ತಿ ಮೊದಲು ಏರ್ ಫಿಲ್ಟರ್ ಹೊರಗೆ ತೆಗೆದರು. ಗ್ಯಾರೇಜಿನ ಕಟ್ಟೆಯ ಮೇಲೆ ಎರಡು ಸಲ ಬಡಿದರು. ಕಪ್ಪು ಮಣ್ಣಿನ ಧೂಳು ಹಿಟ್ಟಿನ ಹಾಗೆ ಉದುರಿತು, ಜೊತೆಗೆ ರವದಿಯ, ಅಂದರೆ ಕಬ್ಬಿನ ಒಣ ಎಲೆಯ, ಸಣ್ಣ ಸಣ್ಣ ಚೂರು. ಆಮೇಲೆ ಟಾರ್ಚ್ ಹಿಡಿದು ಮುಂದಿನ ಜಾಲರಿಯೊಳಗೆ ತೋರಿಸಿದರು. ಎಸಿ ಕಂಡೆನ್ಸರ್‌ನ ಸಂದುಗಳೆಲ್ಲ ರವದಿ, ಧೂಳು ಸೇರಿ ಕಂಬಳಿ ಹೊದಿಸಿದ ಹಾಗೆ ಮುಚ್ಚಿಹೋಗಿದ್ದವು. ಒಳಗೆ ಗಾಳಿ ಹೋಗೋಕೆ ದಾರಿಯೇ ಇಲ್ಲ. ಸಣ್ಣಗೆ ನೀರು ಬಿಟ್ಟು ಅರ್ಧ ಗಂಟೆ ತೊಳೆದರು. ಎಸಿ ಸರಿಯಾಯಿತು. "ಕಾರ್ ಏನೂ ಕೆಟ್ಟಿಲ್ರೀ ಸರ. ಕಬ್ಬಿನ ಟ್ರ್ಯಾಕ್ಟರ್ ಹಿಂದ ಭಾಳ ಓಡಿಸೀರಿ" ಅಂದರು.

ಆ ವಾರ ನನಗೆ ಸರ್ವೇಯವರ ಫೋನ್ ಬಂದಿದ್ದರೆ "ಎಸಿ ತೊಂದರೆ, ಹೌದು" ಅಂತ ಹೇಳಿಬಿಡುತ್ತಿದ್ದೆ. ನನ್ನ ಮಾಡೆಲ್‌ಗೆ ಒಂದು ಅಂಕ ಕೆಟ್ಟದ್ದು ಬೀಳುತ್ತಿತ್ತು. ಬೆಂಗಳೂರಿನಲ್ಲಿ ಆಫೀಸಿಗೆ ಮಾತ್ರ ಓಡುವ ಅದೇ ಕಾರಿಗೆ ಅದು ಬೀಳುತ್ತಿರಲಿಲ್ಲ.

ಜರ್ಮನಿಯಲ್ಲಿ ಮಾಲೀಕರ ಬಾಯಿ ಮಾತು ಬಿಟ್ಟು, ಕಾರನ್ನೇ ಪರೀಕ್ಷೆ ಮಾಡಿದ ಲೆಕ್ಕ ಇದೆ. ಅಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ. ಅದರ ಫಲಿತಾಂಶ ಸೇರಿಸಿ ಟಿಯುವಿ ಅನ್ನೋ ತಪಾಸಣಾ ಸಂಸ್ಥೆಗಳ ವರದಿ ಬರುತ್ತೆ. ಇದು ಜಾಸ್ತಿ ನಂಬಬಹುದಾದ ದಾರಿ ಅಂತ ನನ್ನ ಅಭಿಪ್ರಾಯ. ಅಲ್ಲೂ ಪೋರ್ಷೆ 911 ಎಷ್ಟೋ ಸಲ ಮೇಲೆ ಬಂದಿದೆ. ಕಾರು ಗಟ್ಟಿಯೇ, ಇಲ್ಲ ಅನ್ನೋದಿಲ್ಲ. ಆದರೆ 911 ಇಟ್ಟುಕೊಂಡವರು ಅದನ್ನು ಶೆಡ್‌ನಲ್ಲಿ ಇಡುತ್ತಾರೆ, ಕಡಿಮೆ ಓಡಿಸುತ್ತಾರೆ, ಸರ್ವಿಸ್ ತಪ್ಪಿಸೋದಿಲ್ಲ.

ಕಾರಿನ ಜೊತೆ ಮಾಲೀಕನೂ ಅಳತೆಗೆ ಸಿಗುತ್ತಾನೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 2022ರಲ್ಲಿ ಬಂದ ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೋಟಾ ಹೈರೈಡರ್ ಎರಡೂ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಹೊರಬಂದವು. ಎಂಜಿನ್, ಗೇರ್‌ಬಾಕ್ಸ್, ಕೆಳಗಿನ ಸಾಮಾನೆಲ್ಲ ಹೆಚ್ಚುಕಮ್ಮಿ ಒಂದೇ. ಯಾವುದಾದರೂ ಪಟ್ಟಿಯಲ್ಲಿ ಇವೆರಡಕ್ಕೂ ಬೇರೆ ಬೇರೆ ಅಂಕ ಬಿದ್ದರೆ, ಆ ಅಂಕ ನಟ್ಟು ಬೋಲ್ಟಿನದ್ದಲ್ಲ. ಶೋರೂಮಿನವರು ಹೇಗೆ ಮಾತಾಡಿಸಿದರು, ಜನ ಆ ಬ್ರ್ಯಾಂಡ್‌ನಿಂದ ಏನು ನಿರೀಕ್ಷೆ ಮಾಡಿದ್ದರು, ಅದರದ್ದು.

ಅಂಕ ಕೇಳುವ ರೀತಿ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರತಿ ಸಲ ಸರ್ವಿಸ್ ಮುಗಿದಾಗ ನನಗೆ ಸರ್ವಿಸ್ ಅಡ್ವೈಸರ್ ಫೋನ್ ಮಾಡುತ್ತಾರೆ. "ಸರ್, ಕಂಪನಿಯಿಂದ ಕಾಲ್ ಬರುತ್ತೆ, ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ. ಒಂಬತ್ತು ಕೊಟ್ಟರೂ ನನಗೆ ತೊಂದರೆ." ಆ ಹುಡುಗನ ದನಿಯಲ್ಲಿ ಭಯ ಇರುತ್ತೆ. ಬ್ರೇಕ್ ಸದ್ದು ಹೋಗಿಲ್ಲ ಅಂತ ಗೊತ್ತಿದ್ದೂ ನಾನು ಹತ್ತು ಕೊಟ್ಟಿದ್ದೇನೆ. ನೀವೂ ಕೊಟ್ಟಿರುತ್ತೀರಿ. ಒಬ್ಬ ಬಡ ನೌಕರನ ಸಂಬಳಕ್ಕೆ ಅಂಕ ಕಟ್ಟಿಟ್ಟರೆ ಆ ಅಂಕಕ್ಕೆ ಏನು ಬೆಲೆ? ಇದು ಕಂಪನಿಯವರದೇ ಕಾಲ್, ಹೊರಗಿನ ಸರ್ವೇ ಅಲ್ಲ, ನಿಜ. ಆದರೆ ಜಾಹೀರಾತಿನಲ್ಲಿ "ಗ್ರಾಹಕರ ಮೆಚ್ಚುಗೆ" ಅಂತ ಸಂಖ್ಯೆ ಕಂಡಾಗ ಅದು ಎಲ್ಲಿಂದ ಬಂತು ಅಂತ ಕೇಳಿ.

ಹೊರಗಿನವರೂ ಜಾರಿದ್ದಿದೆ. ಜರ್ಮನಿಯ ಎಡಿಎಸಿ 1903ರಿಂದ ಇರುವ, ಜನ ಕಣ್ಣುಮುಚ್ಚಿ ನಂಬಿದ್ದ ವಾಹನ ಕ್ಲಬ್. 2014ರಲ್ಲಿ ಅದರ ಕಾರ್ ಪ್ರಶಸ್ತಿಯ ಮತಗಳನ್ನು ತಿದ್ದಿದ್ದು ಹೊರಬಿತ್ತು. ಮೊದಲು ಬಂದ ಕಾರಿಗೆ 34,299 ಮತ ಅಂದಿದ್ದರು, ನಿಜವಾಗಿ ಬಿದ್ದಿದ್ದು 3,409. ಗೆದ್ದ ಕಾರು ಗೆದ್ದದ್ದೇ, ಆದರೂ ಸಂಖ್ಯೆ ಹಿಗ್ಗಿಸಿದ್ದರು. ಅಮೆರಿಕದ ಗ್ರಾಹಕರ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ ಮೇಲೆ ನನಗೆ ಜಾಸ್ತಿ ಗೌರವ ಇರೋದು ಅದಕ್ಕೇ. ಜಾಹೀರಾತು ತೊಗೊಳ್ಳೋದಿಲ್ಲ, ಪರೀಕ್ಷೆಯ ಕಾರನ್ನು ತನ್ನ ದುಡ್ಡಿನಿಂದ ಕೊಳ್ಳುತ್ತದೆ, ಎಂಜಿನ್, ಗೇರ್‌ಬಾಕ್ಸ್ ತೊಂದರೆಗೆ ಸ್ಕ್ರೀನಿಗಿಂತ ಜಾಸ್ತಿ ತೂಕ ಕೊಡುತ್ತದೆ. ಆದರೆ ಅದು ಕೇಳೋದು ತನ್ನ ಸದಸ್ಯರನ್ನು, ಅವರು ಓಡಿಸೋದು ಅಮೆರಿಕದ ಕಾರು, ಅಮೆರಿಕದ ರಸ್ತೆಯಲ್ಲಿ.

"ಹಂಗಾದ್ರ ಮಿಸ್ತ್ರಿನ್ನ ಕೇಳಿಬಿಡೋಣೇನು?" ಅಂದರು ಕಾಕಾ. ಕೇಳೋಣ. ಆದರೆ ಮಿಸ್ತ್ರಿಯದ್ದೂ ಒಂದು ಸರ್ವೇನೇ. ಅವರ ಹತ್ತಿರ ಬರೋದು ಕೆಟ್ಟ ಕಾರು ಮಾತ್ರ. ಊರಲ್ಲಿ ಜಾಸ್ತಿ ಮಾರಾಟವಾದ ಕಾರು ಗ್ಯಾರೇಜಿಗೂ ಜಾಸ್ತಿ ಬರುತ್ತೆ. ವಾರಂಟಿ ಇರುವ ಹೊಸ ಕಾರು ಅವರ ಕಣ್ಣಿಗೇ ಬೀಳೋದಿಲ್ಲ. ಅದಕ್ಕೆ "ಯಾವ ಕಾರು ಚಲೋ?" ಅಂತ ಕೇಳಬೇಡಿ. "ಈ ಕಾರಿನಲ್ಲಿ ಲಕ್ಷ ಕಿಲೋಮೀಟರ್ ಆದ ಮೇಲೆ ಏನು ಬಿಚ್ಚುತ್ತೀರಿ, ಎಷ್ಟು ಖರ್ಚು, ಸಾಮಾನು ಎಲ್ಲಿಂದ ತರಿಸುತ್ತೀರಿ?" ಅಂತ ಕೇಳಿ. ಅದಕ್ಕೆ ಅವರ ಹತ್ತಿರ ಇರುವಷ್ಟು ಒಳ್ಳೆಯ ಉತ್ತರ ಇನ್ಯಾರ ಹತ್ತಿರವೂ ಇಲ್ಲ.

ಕಾಕಾರ ಪಟ್ಟಿಯನ್ನೂ ಎಸೆಯೋದು ಬೇಡ ಅಂದೆ. ವರ್ಷ ವರ್ಷವೂ ತಳದಲ್ಲೇ ಇರುವ ಹೆಸರು ಕಂಡರೆ ಹುಷಾರಾಗಿರಬೇಕು, ಅದು ಸುಮ್ನೆ ಆಗೋದಿಲ್ಲ. ಮೇಲಿನ ನಾಲ್ಕೈದು ಹೆಸರುಗಳಲ್ಲಿ ಯಾರು ಮೊದಲು ಅನ್ನೋದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹೊಸ ಎಂಜಿನ್, ಹೊಸ ಗೇರ್‌ಬಾಕ್ಸ್ ಹಾಕಿ ಈ ವರ್ಷವೇ ಬಿಟ್ಟ ಮಾಡೆಲ್‌ಗೆ ಹಳೆಯ ಅಂಕ ಅನ್ವಯ ಆಗೋದಿಲ್ಲ. ಸೆಕೆಂಡ್ ಹ್ಯಾಂಡ್ ಆದರೆ ಚಾಸಿಸ್ ನಂಬರ್ ಹಾಕಿ ರೀಕಾಲ್ ಇದೆಯಾ ಅಂತ ಕಂಪನಿ ವೆಬ್‌ಸೈಟಿನಲ್ಲಿ ನೋಡಲೇಬೇಕು. 2021ರ ಏಪ್ರಿಲ್ 1ರಿಂದ ನಮ್ಮಲ್ಲೂ ರೀಕಾಲ್ ನಿಯಮ ಬಂದಿದೆ. ದೂರುಗಳು ಇಂತಿಷ್ಟು ದಾಟಿದರೆ ಸರ್ಕಾರವೇ ಕಂಪನಿಗೆ ಆದೇಶ ಕೊಡಬಹುದು. ಆದರೆ ನಾವು ದೂರು ಬರೆಯದೆ ಕಟ್ಟೆಯ ಮೇಲೆ ಕೂತು ಬೈದರೆ ಆ ಲೆಕ್ಕ ಹೇಗೆ ತುಂಬುತ್ತೆ?

ಈ ಭಾನುವಾರ ನಾನು ಮಹಾಲಿಂಗಪುರಕ್ಕೆ ಹೋಗುತ್ತಿದ್ದೇನೆ. ಕಾಕಾ ಮೂವರ ಹೆಸರು ಬರೆದಿಟ್ಟಿದ್ದಾರೆ. ಮೂವರದೂ ಅದೇ ಕಾರು, ಅದೇ ಕಬ್ಬಿನ ರಸ್ತೆ. ಸರ್ವಿಸ್ ಬಿಲ್ಲುಗಳನ್ನು ತೆಗೆದಿಡೋಕೆ ಹೇಳಿದ್ದೇವೆ. ಮೂರು ಕಾರು ಸಾಲೋದಿಲ್ಲ, ಗೊತ್ತು. ಅದಕ್ಕೇ ನಿಮ್ಮನ್ನೂ ಕೇಳುತ್ತಿದ್ದೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಕಾರು ಓಡಿಸುವವರು ಬರೆದು ಕಳಿಸಿ. ಯಾವ ಮಾಡೆಲ್, ಯಾವ ವರ್ಷದ್ದು, ಎಷ್ಟು ಕಿಲೋಮೀಟರ್, ಯಾವ ರಸ್ತೆ, ಏನು ಬದಲಾಯಿಸಿದಿರಿ, ಎಷ್ಟು ಬಿಲ್ ಆಯಿತು. ಏನೂ ಕೆಟ್ಟಿಲ್ಲ ಅಂದರೆ ಅದನ್ನೂ ಬರೆಯಿರಿ.