ಹಳೆ ಪಿಕಪ್ಪು, ಮೊದಲು ಬ್ರೇಕು

ಕೇಳುಗರಿಗೆಲ್ಲ ನಮಸ್ಕಾರ.

ನನ್ನ ಹತ್ತಿರ ಒಂದು ಹಳೆ ಪಿಕಪ್ ಇದೆ. 1955ರ ವಿಲ್ಲಿಸ್. ಮುಂದಿನಿಂದ ನೋಡಿದರೆ ಜೀಪು, ಹಿಂದಿನಿಂದ ನೋಡಿದರೆ ಪುಟ್ಟ ಲಾರಿ. ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದ ಆಟೋದವರು ತಲೆ ಹೊರಗೆ ಹಾಕಿ ಕೇಳುವುದು ಒಂದೇ ಪ್ರಶ್ನೆ: "ಸಾರ್, ಎಷ್ಟು ಕೊಡುತ್ತೆ?" ಲೀಟರಿಗೆ ಏಳು ಕಿಲೋಮೀಟರ್ ಅಂದರೆ ಸಾಕು, ನಮ್ಮ ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ ಮುಖ ಮಾಡುತ್ತಾರೆ. ಹಸಿರು ದೀಪ ಬರುತ್ತದೆ, ಅವರು ಹೋಗುತ್ತಾರೆ. ನಾನು ಫಸ್ಟ್ ಗೇರ್ ಹುಡುಕುತ್ತಾ ಇನ್ನೂ ಅಲ್ಲೇ ಇರುತ್ತೇನೆ.

ಇಂಥ ಗಾಡಿ ತಗೋಬೇಕು ಅಂತ ಆಸೆ ಇರುವವರು ನನಗೆ ಆಗಾಗ ಫೋನ್ ಮಾಡುತ್ತಾರೆ. ಮೊದಲು ಕೇಳುವುದು ಇಂಜಿನ್ ಹೇಗಿರಬೇಕು ಅಂತ, ಆಮೇಲೆ ಯಾವ ಬಣ್ಣ ಹೊಡೆಸಬೇಕು ಅಂತ. ನಾನೂ ಹಾಗೇ ಶುರು ಮಾಡಿದ್ದೆ, ತಪ್ಪು ಮಾಡಿದ್ದೆ. ಈಗ ಯಾರು ಕೇಳಿದರೂ ಬೇರೆ ಕ್ರಮ ಹೇಳುತ್ತೇನೆ. ಮೊದಲು ಕಾಗದ, ಆಮೇಲೆ ಚಾಸಿ, ಅಂದರೆ ಗಾಡಿಯೆಲ್ಲ ಕೂರುವ ಕಬ್ಬಿಣದ ಚೌಕಟ್ಟು, ಆಮೇಲೆ ಬ್ರೇಕು. ಇಂಜಿನ್ ಕೊನೆಗೆ ಬರಲಿ, ಅದಕ್ಕೇನೂ ಅವಸರ ಇಲ್ಲ.

ಮೊದಲು ಗಾಡಿ ಯಾವುದು ಅಂತ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಜೀಪು ಮಾಡಿದ ಅಮೆರಿಕದ ವಿಲ್ಲಿಸ್ ಕಂಪನಿ, ಯುದ್ಧ ಮುಗಿದ ಮೇಲೆ ರೈತರಿಗೂ ಅಂಗಡಿಯವರಿಗೂ ಏನಾದರೂ ಮಾರಬೇಕಲ್ಲ, 1947ರಲ್ಲಿ ಈ ಪಿಕಪ್ ತಂದಿತು. 1965ರ ತನಕ ಮಾಡಿತು. ರೂಪ ಕೊಟ್ಟವರು ಅಮೆರಿಕದ ವಿನ್ಯಾಸಗಾರ ಬ್ರೂಕ್ಸ್ ಸ್ಟೀವನ್ಸ್. ಬಾಡಿಯ ತಗಡಿನಲ್ಲಿ ಆಳವಾದ ಬಾಗು ಜಾಸ್ತಿ ಇಲ್ಲ, ಎಲ್ಲ ಚಪ್ಪಟೆ ಚಪ್ಪಟೆ. ನೋಡುವುದಕ್ಕೆ ಸ್ವಲ್ಪ ಪೆಟ್ಟಿಗೆ ಥರ. ಆದರೆ ಇದೇ ನಮಗೆ ವರ. ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ, ಹೊಸ ತಗಡು ಬಡಿದು ಕೂರಿಸುವುದು ನಮ್ಮ ಬೆಂಗಳೂರಿನ ವಿಲ್ಸನ್ ಗಾರ್ಡನ್ ಕಡೆಯ ಒಬ್ಬ ಒಳ್ಳೆ ಟಿಂಕರಿಗೆ ಎರಡು ದಿನದ ಕೆಲಸ. ಇನ್ನೊಂದು ಅನುಕೂಲ ಅಂದರೆ, ಇದರ ನಾಲ್ಕು ಸಿಲಿಂಡರಿನ ಇಂಜಿನ್ನೇ ನಮ್ಮ ಮಹೀಂದ್ರ ಜೀಪುಗಳಿಗೂ ಬಂತು. ಅದಕ್ಕೇ ಎಪ್ಪತ್ತು ವರ್ಷದ ಗಾಡಿಗೆ ಇವತ್ತೂ ಜೆ.ಸಿ. ರಸ್ತೆಯಲ್ಲಿ ಸಾಮಾನು ಸಿಗುತ್ತದೆ. ಅದೇ ಕಾಲದ ಷೆವರ್ಲೆ ಪಿಕಪ್ ಇದಕ್ಕಿಂತ ಚೆಂದ, ಒಪ್ಪುತ್ತೇನೆ, ಆದರೆ ಅದರ ಒಂದು ಸಣ್ಣ ಭಾಗಕ್ಕೂ ಹೊರದೇಶದ ಪಾರ್ಸೆಲ್ ಕಾಯುತ್ತಾ ಕೂರಬೇಕು.

ನಾನು ಮೂರು ಗಾಡಿ ನೋಡಿದೆ. ಮೊದಲನೆಯದು ಮಾಗಡಿ ರಸ್ತೆಯಲ್ಲಿ, ನೋಡಿದ ತಕ್ಷಣ ಮನಸ್ಸಿಗೆ ಹಿಡಿಸಿತು. ಬಾನೆಟ್ ಎತ್ತಿದರೆ ಒಳಗೆ ಡೀಸೆಲ್ ಇಂಜಿನ್. ಆರ್‌ಸಿ ಪುಸ್ತಕದಲ್ಲಿ ಪೆಟ್ರೋಲ್ ಅಂತಿದೆ. ಹಿಂದೆ ಡೀಸೆಲ್ ತುಂಬಾ ಅಗ್ಗ ಇದ್ದಾಗ ಇಂಥ ಎಷ್ಟೋ ಗಾಡಿಗಳಿಗೆ ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಕೂರಿಸಿದರು, ಕಾಗದದಲ್ಲಿ ಬರೆಸಲಿಲ್ಲ. ಮಾರುವವರು, "ಅದೆಲ್ಲ ಅಡ್ಜಸ್ಟ್ ಮಾಡಬಹುದು ಸಾರ್" ಅಂದರು. ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿದ ವಿವರ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಾಡು ಮಾಡುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ನಾಳೆ ಅಪಘಾತ ಆಯಿತು ಅಂದುಕೊಳ್ಳಿ, ಇನ್ಶೂರೆನ್ಸಿನವರು ಮೊದಲು ನೋಡುವುದೇ ಇದನ್ನು. ಎದ್ದು ಬಂದೆ.

ಎರಡನೆಯದು ಹೊಸ ಬಣ್ಣದಲ್ಲಿ ಫಳಫಳ ಹೊಳೆಯುತ್ತಿತ್ತು. ಜೇಬಿನಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಒಂದು ಮ್ಯಾಗ್ನೆಟ್ ಇತ್ತು, ಗಣಪತಿ ಚಿತ್ರದ್ದು. ಬಣ್ಣಕ್ಕೆ ಗೀರು ಬೀಳದ ಹಾಗೆ ಕರವಸ್ತ್ರ ಸುತ್ತಿ ಬಾಗಿಲ ಕೆಳಭಾಗಕ್ಕೆ ಇಟ್ಟೆ. ಅಂಟಲಿಲ್ಲ. ಸ್ವಲ್ಪ ಮೇಲೆ ಇಟ್ಟೆ. ಗಣಪತಿ ಮತ್ತೆ ಜಾರಿ ಕೆಳಗೆ ಬಿದ್ದ. ಒಂದು ಗೇಣು ಎತ್ತರದ ತನಕ ತಗಡೇ ಇಲ್ಲ, ಬರೀ ಪುಟ್ಟಿ. ಮಾರುವವರು ಆಕಾಶ ನೋಡುತ್ತಿದ್ದರು.

ಮೂರನೆಯದು ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ, ಕಣದ ಪಕ್ಕದ ಶೆಡ್ಡಿನಲ್ಲಿ. ಮೇಲೆ ಕೋಳಿ ಕೂತಿತ್ತು. ತೋಟದ ರೈಟರು, "ಇಂಜಿನ್ ಬಂಗಾರ ಸ್ವಾಮಿ, ಒಂದೇ ಸಲಕ್ಕೆ ಸ್ಟಾರ್ಟು" ಅಂದರು. ನಾನು ಬಾನೆಟ್ ಮೇಲೆ ಕೈ ಇಟ್ಟೆ, ಬಿಸಿ ಇತ್ತು. ನಾನು ಬರುವ ಮುಂಚೆ ಅರ್ಧ ಗಂಟೆ ಓಡಿಸಿ ರೆಡಿ ಮಾಡಿ ಇಟ್ಟಿದ್ದಾರೆ! ಹಳೆ ಇಂಜಿನ್ನಿನ ನಿಜ ಗೊತ್ತಾಗುವುದು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ. ಊಟ ಮಾಡಿ, ತೋಟ ಸುತ್ತಿ, ಸಂಜೆ ತನಕ ಕಾದು ನಾನೇ ಸ್ಟಾರ್ಟ್ ಮಾಡಿದೆ. ನೀಲಿ ಹೊಗೆ ಬಂತು, ಅಂದರೆ ಆಯಿಲ್ ಸುಡುತ್ತಿದೆ. ಪರವಾಗಿಲ್ಲ, ಬೋರಿಂಗ್ ಮಾಡಿಸಿದರೆ, ಅಂದರೆ ಸವೆದ ಸಿಲಿಂಡರಿನ ಒಳಗನ್ನು ಕೊರೆದು ಸರಿ ಮಾಡಿಸಿದರೆ ಹೋಗುತ್ತದೆ. ಆಮೇಲೆ ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿ ಚಾಸಿಯನ್ನು ಸಣ್ಣ ಸುತ್ತಿಗೆಯಲ್ಲಿ ಉದ್ದಕ್ಕೂ ತಟ್ಟುತ್ತಾ ಹೋದೆ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ತುಕ್ಕು ತಿಂದ ಕಬ್ಬಿಣ ಡಬ್ ಅನ್ನುತ್ತದೆ, ಕಳಿತ ಹಲಸಿನ ಹಣ್ಣು ತಟ್ಟಿದ ಹಾಗೆ. ಹಿಂದಿನ ಕಮಾನು ಪಟ್ಟಿ, ಅಂದರೆ ಸ್ಪ್ರಿಂಗು, ಚಾಸಿಗೆ ಸೇರುವ ಜಾಗದಲ್ಲಿ ತುಕ್ಕು ಮೊದಲು ಹಿಡಿಯುತ್ತದೆ, ಅಲ್ಲಿ ನಾಲ್ಕು ಸಲ ತಟ್ಟಿದೆ. ನಾಲ್ಕೂ ಸಲ ಟಣ್. ಅಲ್ಲೇ ವ್ಯಾಪಾರ ಮುಗಿಸಿದೆ.

ಕಾಗದ ಇನ್ನೂ ಅವರ ತಾತನ ಹೆಸರಿನಲ್ಲಿತ್ತು. ಮಾಲೀಕರು ತೀರಿಕೊಂಡಿದ್ದರೆ ಹೆಸರು ಬದಲಿಸುವ ಮಾಮೂಲಿ 29, 30ನೇ ಫಾರಂ ಸಾಲುವುದಿಲ್ಲ, ಮೊದಲು 31ನೇ ಫಾರಂನಲ್ಲಿ ವಾರಸುದಾರರ ಹೆಸರಿಗೆ ಬರಬೇಕು. ಅಣ್ಣತಮ್ಮಂದಿರು ನಾಲ್ಕು ಜನ ಇದ್ದರೆ ನಾಲ್ವರ ಸಹಿಯನ್ನೂ ಗಾಡಿ ಎತ್ತುವ ಮುಂಚೆಯೇ ಹಾಕಿಸಿಕೊಳ್ಳಿ. ದುಡ್ಡು ಕೊಟ್ಟ ಮೇಲೆ ಯಾರೂ ಫೋನ್ ಎತ್ತುವುದಿಲ್ಲ.

ಇಷ್ಟೆಲ್ಲ ಹುಷಾರಾಗಿದ್ದೂ ನಾನು ಸಿಕ್ಕಿಬಿದ್ದದ್ದು ಒಂದು ಅಂಕಿಯಲ್ಲಿ. ಚಾಸಿ ನಂಬರ್ ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುತ್ತಾರಲ್ಲ, ಹಾಗೆ ತೆಗೆದಾಗ ಕೊನೆಗೆ 3 ಅಂತ ಬಂತು. ಪುಸ್ತಕದಲ್ಲಿ 8. ಮೈಸೂರು ರಾಜ್ಯ ಅಂತ ಇದ್ದ ಕಾಲದಲ್ಲಿ ಯಾರೋ ಗುಮಾಸ್ತರು ಶಾಯಿ ಪೆನ್ನಿನಲ್ಲಿ 3ನ್ನು ಮುಚ್ಚಿಬಿಟ್ಟಿದ್ದಾರೆ. ಇಂಥ ಹಳೆ ಗಾಡಿ ಆರ್‌ಟಿಒ ಕಂಪ್ಯೂಟರಿನಲ್ಲೂ ಇರುವುದಿಲ್ಲ, ಹಳೆ ಪುಸ್ತಕದ ವಿವರವನ್ನು ಅದಕ್ಕೆ ಸೇರಿಸಲು ಬ್ಯಾಕ್‌ಲಾಗ್ ಎಂಟ್ರಿ ಅಂತ ಮಾಡಿಸಬೇಕು. ಅಂಕಿ ಸರಿಯಿಲ್ಲದೆ ಎಂಟ್ರಿ ಆಗುವುದಿಲ್ಲ, ಎಂಟ್ರಿ ಇಲ್ಲದೆ ಅಂಕಿ ತಿದ್ದುವುದಿಲ್ಲ. ಎಂಟು ತಿಂಗಳು ಓಡಾಡಿದೆ. ಆದ್ದರಿಂದ ನೀವು ಗಾಡಿ ನೋಡಲು ಹೋಗುವಾಗ ಒಂದು ಪೆನ್ಸಿಲ್ ತಗೊಂಡು ಹೋಗಿ.

"ವಿಂಟೇಜ್ ನಂಬರ್ ಮಾಡಿಸಬಹುದಲ್ವಾ?" ಅಂತ ಕೆಲವರು ಕೇಳುತ್ತಾರೆ. 2021ರಲ್ಲಿ ನಿಯಮ ಬಂದಿದೆ ನಿಜ. 50 ವರ್ಷ ದಾಟಿದ ಗಾಡಿಗೆ ನಂಬರಿನಲ್ಲಿ 'ವಿಎ' ಅಂತ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಅದು ಎರಡು ಚಕ್ರದ ಗಾಡಿಗೂ ಜನ ಕೂರುವ ಕಾರಿನಂಥ ಗಾಡಿಗೂ ಮಾಡಿದ್ದು, ಸಾಮಾನು ಹೊರುವ ಪಿಕಪ್ಪಿಗೆ ಅಲ್ಲ. ಸಿಕ್ಕಿದರೂ ದಿನಾ ರಸ್ತೆಗೆ ಇಳಿಸುವಂತಿಲ್ಲ. ನನಗೆ ಗಾಡಿ ಬೇಕಿದ್ದದ್ದು ಲಾಲ್‌ಬಾಗ್ ನರ್ಸರಿಯಿಂದ ಗಿಡ ತರುವುದಕ್ಕೆ, ಪ್ರದರ್ಶನಕ್ಕೆ ಅಲ್ಲ.

ಈಗ ಬ್ರೇಕಿನ ವಿಷಯ.

ಗಾಡಿ ಬಂದ ಎರಡನೇ ವಾರ. ಬಣ್ಣ ಹೊಡೆಸಿದ್ದೆ, ಸೀಟು ಹೊಲಿಸಿದ್ದೆ. ಹನುಮಂತನಗರದ ಇಳಿಜಾರಿನಲ್ಲಿ ಹಿಂದಿನ ಎಡಗಡೆ ಚಕ್ರ ಪಂಕ್ಚರ್ ಆಯಿತು. ಹ್ಯಾಂಡ್‌ಬ್ರೇಕ್ ಬಲವಾಗಿ ಎಳೆದು, ಜಾಕ್ ಕೊಟ್ಟೆ. ಚಕ್ರ ನೆಲ ಬಿಟ್ಟ ಕ್ಷಣ ಗಾಡಿ ಮೆಲ್ಲಗೆ ಹಿಂದಕ್ಕೆ ಸರಿಯಿತು. ಎತ್ತಿದ ಚಕ್ರ ಉಲ್ಟಾ ತಿರುಗುತ್ತಿದೆ, ಗಾಡಿ ಇಳಿಯುತ್ತಿದೆ, ನಾನು ಸ್ಟೆಪ್ನಿ ಹಿಡಿದುಕೊಂಡು ನೋಡುತ್ತಾ ನಿಂತಿದ್ದೇನೆ. ಜಾಕ್ ಬಿತ್ತು. ಅಲ್ಲಿ ಹೂ ಮಾರುತ್ತಿದ್ದ ಅಮ್ಮ, "ಕಲ್ಲು ಕೊಡೋ, ಕಲ್ಲು!" ಅಂತ ಕೂಗಿ, ತಾವು ಕೂತಿದ್ದ ಕಲ್ಲನ್ನೇ ಕಾಲಿನಿಂದ ನೂಕಿದರು. ಗಾಡಿ ಅದಕ್ಕೆ ತಾಗಿ ನಿಂತಿತು. ಹೂವಿನ ಬುಟ್ಟಿಗೂ ಗಾಡಿಗೂ ಒಂದು ಮೊಳ ಅಂತರ. ಅವತ್ತು ಅವರ ಹತ್ತಿರ ಇದ್ದ ಮಲ್ಲಿಗೆ ಎಲ್ಲ ನಾನೇ ಕೊಂಡೆ.

ಕಾರಣ ಏನು ಅಂದರೆ, ಈ ಗಾಡಿಯ ಹ್ಯಾಂಡ್‌ಬ್ರೇಕ್ ಚಕ್ರವನ್ನು ಹಿಡಿಯುವುದೇ ಇಲ್ಲ. ಗೇರ್‌ಬಾಕ್ಸಿನ ಹಿಂದೆ, ಹಿಂದಿನ ಆಕ್ಸಲಿಗೆ ಹೋಗುವ ಶಾಫ್ಟನ್ನು ಹಿಡಿಯುತ್ತದೆ. ಎರಡೂ ಚಕ್ರ ನೆಲದ ಮೇಲಿದ್ದರೆ ಸರಿ. ಒಂದನ್ನು ಎತ್ತಿದರೆ, ಶಾಫ್ಟ್ ನಿಂತೇ ಇದ್ದರೂ ನಡುವೆ ಡಿಫರೆನ್ಷಿಯಲ್ ಅನ್ನುವ ಗೇರುಗಳ ಜೋಡಣೆ ಇದೆಯಲ್ಲ, ಒಂದು ಚಕ್ರ ಮುಂದಕ್ಕೆ ತಿರುಗಿದರೆ ಇನ್ನೊಂದು ಹಿಂದಕ್ಕೆ ತಿರುಗಬಹುದು. ಗಾಳಿಯಲ್ಲಿರುವ ಚಕ್ರ ಸುಮ್ನೆ ತಿರುಗುತ್ತದೆ, ನೆಲದ್ದು ಉರುಳುತ್ತದೆ. ಈಗ ಗಾಡಿಯಲ್ಲಿ ಎರಡು ಮರದ ತುಂಡು ಯಾವಾಗಲೂ ಇರುತ್ತವೆ. ನನ್ನ ಗಾಡಿಗೆ ನಾನು ಮಾಡಿದ ಅತಿ ಅಗ್ಗದ ಅಪ್‌ಗ್ರೇಡ್ ಅದು, ಗುಜರಿಯವರು ಪುಕ್ಕಟೆ ಕೊಟ್ಟರು.

ಕಾಲಿನ ಬ್ರೇಕ್ ಇದಕ್ಕಿಂತ ಹೆದರಿಕೆ. ಹಳೆ ಗಾಡಿಗೆ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಪೈಪಿನ ದಾರಿ. ಎಲ್ಲಾದರೂ ಒಂದು ರಬ್ಬರ್ ಹೋಸ್ ಒಡೆದರೆ ನಾಲ್ಕೂ ಹೋದವು. ಬ್ರೇಕ್ ಆಯಿಲ್ ಎಷ್ಟಿದೆ ಅಂತ ನೋಡಲು ಕಾಲಡಿಯ ತಗಡಿನ ಮುಚ್ಚಳ ತೆಗೆಯಬೇಕು, ಹಾಗಾಗಿ ಯಾರೂ ನೋಡುವುದಿಲ್ಲ. ನಮ್ಮ ಮೇಸ್ತ್ರಿ ಕಲಾಸಿಪಾಳ್ಯದವರು, ಕಮ್ಮಿ ಮಾತು. ಹೊಸ ಬಣ್ಣ ನೋಡಿ, ಪೆಡಲ್ ಒಂದು ಸಲ ಒತ್ತಿ ನೋಡಿ, "ಸಾರ್, ಮದುವೆಗೆ ರೆಡಿ ಮಾಡಿದೀರ, ಗಾಡಿ ರೆಡಿ ಮಾಡಿಲ್ಲ" ಅಂದರು. ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರನ್ನು ಎರಡು ದಾರಿಯದು ಹಾಕಿದರು, ಮುಂದಿನ ಚಕ್ರಕ್ಕೆ ಒಂದು, ಹಿಂದಿನದಕ್ಕೆ ಒಂದು. ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ. ಪೈಪು, ಹೋಸು, ವೀಲ್ ಸಿಲಿಂಡರು ಎಲ್ಲ ಹೊಸದು. ಡ್ರಮ್ 11 ಇಂಚಿನದು, ಹಳೆಯದನ್ನೇ ಲೇತಿನಲ್ಲಿ ಕೊಟ್ಟು ಸರಿ ಮಾಡಿಸಿದೆವು. ಡಿಸ್ಕ್ ಬ್ರೇಕ್ ಹಾಕಿಸಿ ಅಂತ ಬಹಳ ಜನ ಹೇಳಿದರು. ಗಂಟೆಗೆ ಅರವತ್ತು ಕಿಲೋಮೀಟರ್ ಮೇಲೆ ಹೋಗದ ಗಾಡಿಗೆ ಅದು ಬೇಕಾಗಿಲ್ಲ ಅಂತ ನನ್ನ ಲೆಕ್ಕ.

ಅರವತ್ತರ ಮೇಲೆ ಯಾಕೆ ಹೋಗುವುದಿಲ್ಲ ಅಂತೀರಾ? ಚಕ್ರ ಒಂದು ಸುತ್ತು ತಿರುಗಬೇಕಾದರೆ ಶಾಫ್ಟ್ ಐದಕ್ಕೂ ಜಾಸ್ತಿ ಸುತ್ತಬೇಕು. ಹೊಲ, ಗುಡ್ಡ, ಕೆಸರಿಗೆ ಮಾಡಿದ ಲೆಕ್ಕ ಅದು. ದೊಡ್ಡ ಇಂಜಿನ್ ಹಾಕಿದರೂ ಅದು ಬರೀ ಅರಚುತ್ತದೆ. ನೈಸ್ ರಸ್ತೆಯಲ್ಲಿ ಇಟ್ಟಿಗೆ ಲಾರಿಗಳು ನನ್ನನ್ನು ಹಿಂದೆ ಹಾಕುತ್ತವೆ, ಹಾಕಲಿ.

ಇಂಜಿನ್ ಕಥೆ ಬೇಗ ಹೇಳಿಬಿಡುತ್ತೇನೆ. ಹಳೆಯದನ್ನೇ ಇಟ್ಟುಕೊಂಡೆ, ಬೋರಿಂಗ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದೆ. 2.2 ಲೀಟರ್, ಇನ್‌ಲೆಟ್ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನ ಪಕ್ಕದಲ್ಲಿ. ಟ್ಯಾಪೆಟ್ ಅಡ್ಜಸ್ಟ್ ಮಾಡಲು ಒಂದು ಸಲ ಮೇಲೆ ಬಗ್ಗಬೇಕು, ಒಂದು ಸಲ ಪಕ್ಕಕ್ಕೆ ಕೈ ತೂರಿಸಬೇಕು. ಎರಡನೆಯದನ್ನು ಇಂಜಿನ್ ಬಿಸಿ ಇದ್ದಾಗ ಮಾಡಿದರೆ ಸೈಲೆನ್ಸರ್ ಪೈಪು ಮೊಣಕೈಗೆ ಮುದ್ರೆ ಒತ್ತುತ್ತದೆ, ನನ್ನ ಕೈಯಲ್ಲಿ ಇದೆ.

ಪೆಟ್ರೋಲ್ ಬಗ್ಗೆ ಮಾತ್ರ ಸ್ವಲ್ಪ ಗಮನ ಕೊಡಿ. ಈಗ ಬಂಕಿನಲ್ಲಿ ಸಿಗುವುದು ಶೇಕಡ 20 ಎಥನಾಲ್ ಬೆರೆತದ್ದು. ಹಳೆ ರಬ್ಬರ್ ಹೋಸು, ಪಂಪಿನ ಡಯಾಫ್ರಾಮು, ಕಾರ್ಬೊರೇಟರಿನ ಪ್ಯಾಕಿಂಗು ಇದಕ್ಕೆ ತಡೆಯುವುದಿಲ್ಲ, ಮೆತ್ತಗಾಗಿ ಉಬ್ಬುತ್ತವೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ತಳದಿಂದ ತುಕ್ಕು ಶುರು. ಹೋಸು, ಡಯಾಫ್ರಾಮು, ಪ್ಯಾಕಿಂಗು ಎಲ್ಲ ಎಥನಾಲಿಗೆ ತಡೆಯುವಂಥದ್ದು ಹಾಕಿಸಿ, ವಾರಕ್ಕೊಮ್ಮೆಯಾದರೂ ಓಡಿಸಿ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತರೆ ಪೆಟ್ರೋಲ್ ಪೈಪಿನಲ್ಲೇ ಕುದಿದು ಆವಿಯಾಗಿ ಗಾಡಿ ಆಫ್ ಆಗುವುದೂ ಉಂಟು. ಪೈಪನ್ನು ಎಕ್ಸಾಸ್ಟಿನಿಂದ ದೂರ ತಿರುಗಿಸಿ, ರೇಡಿಯೇಟರ್ ಬಿಚ್ಚಿ ಒಳಗಿನ ಕೆಸರು ತೆಗೆಸಿದ ಮೇಲೆ ನನಗೆ ಆ ಕಾಟ ಕಮ್ಮಿಯಾಗಿದೆ.

ವೈಪರ್ ಒಂದು ತಮಾಷೆ. ಹಳೆಯದಕ್ಕೆ ಮೋಟಾರ್ ಇಲ್ಲ, ಇಂಜಿನ್ ಗಾಳಿ ಎಳೆಯುವ ಬಲದಲ್ಲಿ ಓಡುತ್ತದೆ. ಆಕ್ಸಿಲರೇಟರ್ ಒತ್ತಿದರೆ ಆ ಬಲ ಬಿದ್ದುಹೋಗಿ ವೈಪರ್ ನಿಧಾನ, ಕಾಲು ತೆಗೆದರೆ ಜೋರು. ಅಂದರೆ ಮಳೆಯಲ್ಲಿ ಏರು ಹತ್ತುವಾಗ ದಾರಿ ಕಾಣುವುದಿಲ್ಲ, ಸುಮ್ಮನೆ ನಿಂತಾಗ ಚೆನ್ನಾಗಿ ಕಾಣುತ್ತದೆ. ಒಂದೇ ಮಳೆಗಾಲಕ್ಕೆ ಸಾಕಾಯಿತು, ಕರೆಂಟಿನದು ಹಾಕಿಸಿದೆ.

ಅದಕ್ಕಾಗಿಯೇ 6 ವೋಲ್ಟನ್ನು 12 ವೋಲ್ಟ್ ಮಾಡಿಸಿದ್ದು. ಬರೀ ಲೈಟ್ ಮಂಕು ಅನ್ನುವುದಕ್ಕೆ ಮಾಡಿಸಬೇಡಿ. 6 ವೋಲ್ಟಿಗೆ ಎರಡರಷ್ಟು ಕರೆಂಟ್ ಹರಿಯಬೇಕು, ದಪ್ಪ ಕೇಬಲ್ ಬೇಕು. ನಡುವೆ ಯಾರೋ ತೆಳ್ಳಗಿನ ವೈರ್ ಹಾಕಿರುತ್ತಾರೆ, ಅರ್ತ್ ಕೊಡುವ ಜಾಗಕ್ಕೂ ಬಣ್ಣ ಬಳಿದಿರುತ್ತಾರೆ, ಮಂಕಾಗದೆ ಏನಾಗುತ್ತದೆ? ಅಷ್ಟು ಸರಿ ಮಾಡಿಸಿದರೆ ಹಳೆಯದೇ ಸಾಕು. 12ಕ್ಕೆ ಹೋದರೆ ಬಲ್ಬು, ಕಾಯಿಲು, ಹಾರನ್ನು ಎಲ್ಲ ಬದಲಾಗಬೇಕು, ಪೆಟ್ರೋಲ್ ಮೀಟರಿಗೆ ವೋಲ್ಟ್ ಇಳಿಸುವ ಒಂದು ಸಣ್ಣ ಭಾಗ ಹಾಕಬೇಕು. ನಾನು ಅದೊಂದನ್ನು ಮರೆತೆ. ಕೀ ತಿರುಗಿಸಿದ ತಕ್ಷಣ ಮುಳ್ಳು ಎದ್ದು ಫುಲ್‌ಗೆ ಹೋಯಿತು, ಇವತ್ತಿಗೂ ಅಲ್ಲೇ ಇದೆ. ಟ್ಯಾಂಕ್ ಖಾಲಿ ಇದ್ದರೂ ಫುಲ್ಲೇ.

ಅದಕ್ಕೇ ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ಮೈಲಿ ಮೀಟರಿನ ಅಂಕಿಯನ್ನು ಡ್ಯಾಶ್‌ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಬರೆದು ಇಡುತ್ತೇನೆ. ಮೈಲಿಯನ್ನು ಕಿಲೋಮೀಟರ್ ಮಾಡಿ, ಏಳರಿಂದ ಭಾಗಿಸಿ, ಎಷ್ಟು ಖರ್ಚಾಯಿತು ಅಂತ ಲೆಕ್ಕ. ಇವತ್ತು ಬೆಳಿಗ್ಗೆ ಮಗಳು, "ಅಪ್ಪ, ನಿಮ್ಮ ಗಾಡಿ ಒರೆಸಿ ಕ್ಲೀನ್ ಮಾಡಿದೀನಿ" ಅಂದಳು. ಹೋಗಿ ನೋಡಿದರೆ ಡ್ಯಾಶ್‌ಬೋರ್ಡ್ ಕನ್ನಡಿ ಥರ ಹೊಳೆಯುತ್ತಿದೆ, ಸೀಮೆಸುಣ್ಣದ ಗುರುತೂ ಇಲ್ಲ. ಮುಳ್ಳು ಫುಲ್ ತೋರಿಸುತ್ತಿದೆ. ಇಲ್ಲಿಗೆ ಬಸ್ಸಿನಲ್ಲಿ ಬಂದೆ.

ನಮಸ್ಕಾರ.